ಬೀಗಿತ್ತಿಯ ಸೂಪು

ಮುಂದಿದ್ದವರು ಶವಪೆಟ್ಟಿಗೆಯ ಎದುರು ಬಾಗಿ ನಮಸ್ಕರಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಬಾಗಿಲಲ್ಲಿ ಕೊಟ್ಟಿದ್ದ ಪುಟ್ಟ ಬಿಳಿ ಲಕೋಟೆಯನ್ನು ನಿರುಪಮಾ ಕೈಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಮಗಳು ಗಾರ್ಗಿ ತಡೆದಳು.

"ಅಮ್ಮ, ಅದ್ರಲ್ಲಿ ಕ್ಯಾಂಡಿ ಇದೆ. ಇಲ್ಲೇ ತಿನ್ಬೇಕು. ಮನೆಗೆ ತಗೊಂಡು ಹೋಗ್ಬಾರ್ದಂತೆ."

"ಯಾಕೆ?"

"ಐ ಡೋಂಟ್ ನೋ. ಮಾ ಇದ್ದಿದ್ರೆ ಹೇಳ್ತಿದ್ರು."

ಹೇಳಬೇಕಾದವಳು ಪೆಟ್ಟಿಗೆಯಲ್ಲಿ ಮಲಗಿದ್ದಳು. ಲಿನ್, ಗಾರ್ಗಿಯ ಅತ್ತೆ, ನಿರುಪಮಾಳ ಬೀಗಿತ್ತಿ. ಚೀನಾದಿಂದ ಬಂದು, ಗಂಡ ಬೇಗ ತೀರಿಕೊಂಡ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಹೊಲಿಗೆ ಕಾರ್ಖಾನೆಯಲ್ಲಿ, ಆಮೇಲೆ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ಒಬ್ಬನೇ ಮಗ ಕೆವಿನ್‌ನನ್ನು ಓದಿಸಿದವಳು. ಈಗ ಅವಳ ಕೆನ್ನೆಗೆ ಯಾರೋ ಬಣ್ಣ ಹಚ್ಚಿದ್ದರು. ಆ ಕೆನ್ನೆ ಒಲೆಯ ಹಬೆಗೆ ಕೆಂಪಾಗಿದ್ದನ್ನಷ್ಟೇ ನಿರುಪಮಾ ಕಂಡಿದ್ದಳು.

ಹಿಂದಿನ ಸಾಲಿನಲ್ಲಿ ಬಂದು ಕೂತ ಮೇಲೆ ಭಾವನಾ ಅವಳ ಕೈ ಹಿಡಿದುಕೊಂಡಳು. ಫಾಸ್ಟರ್ ಸಿಟಿಯಲ್ಲಿ ನಿರುಪಮಾಳ ಪಕ್ಕದ ಅಪಾರ್ಟ್‌ಮೆಂಟಿನವಳು ಅವಳು. ಕಾರಿನಲ್ಲಿ ಕರೆತಂದವಳೂ ಅವಳೇ.

"ನಿಮಗೆ ಅವ್ರ ಭಾಷೆ ಬರಲ್ಲ, ಅವ್ರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ದಿನಾ ಏನು ಮಾತಾಡ್ಕೊಳ್ತಿದ್ರಿ ಆಂಟಿ?"

"ಮಾತೆಲ್ಲಿ ಬಂತು ಭಾವನಾ. ಒಲೆ ಮೇಲೆ ಏನಾದ್ರೂ ಕುದೀತಿರೋದು. ನೋಡ್ಕೊಂಡು ಕೂತಿರ್ತಿದ್ವಿ."

*

ಗಾರ್ಗಿ ಹೆತ್ತು ಮನೆಗೆ ಬಂದ ದಿನವೇ ಇಬ್ಬರು ಅಜ್ಜಿಯರಿಗೂ ಒಲೆಯ ಮುಂದೆ ತಿಕ್ಕಾಟ ಶುರುವಾಗಿತ್ತು. ನಿರುಪಮಾ ಮೆಣಸು ಜೀರಿಗೆಯ ಸಾರಿಗೆ ಇಟ್ಟಿದ್ದಳು. ಅದನ್ನು ಪಕ್ಕಕ್ಕೆ ಸರಿಸಿ ಲಿನ್ ತನ್ನ ಮಡಕೆ ಇಟ್ಟಳು: ಶುಂಠಿ, ವಿನೆಗರ್, ಹಂದಿಯ ಕಾಲು. ಮೈಸೂರಿನ ತವರಿನಲ್ಲಿ ಮೊಟ್ಟೆಯನ್ನೂ ಹೊಸ್ತಿಲು ದಾಟಿಸದೆ ಬೆಳೆದ ನಿರುಪಮಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ನಿನ್ನ ಮನೆ, ನಿನ್ನಿಷ್ಟ ಕಣೇ. ನಾನು ಹೊರಟೆ," ಎಂದಳು ಮಗಳಿಗೆ.

ಗಾರ್ಗಿಗೆ ಇಬ್ಬರೂ ಸಾಕಾಗಿದ್ದರು. ಎದ್ದು ಬಂದವಳೇ ಲೋಟದ ತುಂಬ ಐಸ್ ಹಾಕಿ ನೀರು ಬಗ್ಗಿಸಿಕೊಂಡಳು.

"ಬೇಡ!" "ನೋ!" ಎರಡು ಗಂಟಲು ಒಟ್ಟಿಗೇ ಕೂಗಿದವು. ಒಬ್ಬಳು ಲೋಟ ಕಿತ್ತುಕೊಂಡಳು, ಇನ್ನೊಬ್ಬಳು ಬಾಣಂತಿಯ ಕಿವಿಗೆ ಸ್ಕಾರ್ಫು ಸುತ್ತಿದಳು. ಆಮೇಲೆ ಬೀಗಿತ್ತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಲಿನ್.

ಮರುದಿನ ಒಲೆಯ ಮೇಲೆ ಹೊಸ ಪಾತ್ರೆಯೊಂದಿತ್ತು. ಲಿನ್ ಮುಚ್ಚಳ ತೆಗೆದು ಒಂದೊಂದನ್ನೇ ಸೌಟಿನಲ್ಲಿ ಎತ್ತಿ ತೋರಿಸಿದಳು. ಒಣಗಿದ ಕೆಂಪು ಎಲಚಿ ಹಣ್ಣು, ತಾವರೆ ಬೀಜ, ಕಡಲೆಕಾಯಿ ಬೀಜ, ಒಣ ಅಣಬೆ. "ಯುವರ್ ಪಾಟ್. ನೋ ಮೀಟ್," ಎಂದಳು. ಬೇರೆ ಪಾತ್ರೆಗಳ ಜೊತೆ ಬೆರೆಯದಿರಲೆಂದು ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದಳು.

ಅಲ್ಲಿಂದ ಮುಂದೆ ನಿರುಪಮಾ ಕೆಮ್ಮಿದರೆ ಕಲ್ಲುಸಕ್ಕರೆಯಲ್ಲಿ ಬೇಯಿಸಿದ ಪಿಯರ್ ಹಣ್ಣು, ಕಣ್ಣು ಉರಿದರೆ ಸೇವಂತಿಗೆ ಹೂವಿನ ಚಹಾ. ನಿರುಪಮಾಳ ಗಂಡ ತೀರಿಕೊಂಡ ಚಳಿಗಾಲದಲ್ಲಿ ಲಿನ್ ದಿನವೂ ಫ್ಲಾಸ್ಕು ಹಿಡಿದು ಬಂದಳು. "ಕುಡಿ, ನೀರು," ಎನ್ನುವಳು. ನಿರುಪಮಾ ಎಂಬ ಹೆಸರು ಅವಳ ನಾಲಿಗೆಯಲ್ಲಿ ನೀರು ಆಗಿತ್ತು. 'ಕುಡಿ' ಅವಳು ಕಲಿತ ಒಂದೇ ಕನ್ನಡ ಮಾತು. ಬಟ್ಟಲು ಬರಿದಾಗುವವರೆಗೆ ಎದುರಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

*

"ಕೊನೆಗಾದ್ರೂ ಏನಾದ್ರೂ ತಿಂದ್ರಾ?" ಭಾವನಾ ಮೆಲ್ಲಗೆ ಕೇಳಿದಳು.

"ನಾನು ಕೊಟ್ಟಿದ್ದು ಒಂದು ಬಟ್ಟಲು ಕುಡಿದ್ರು. ಅದೊಂದೇ ನನಗೆ ಸಮಾಧಾನ."

ಏನು ಕೊಟ್ಟೆ ಎಂದು ಅವಳು ಹೇಳಲಿಲ್ಲ.

*

ಹೊಟ್ಟೆಯ ಕ್ಯಾನ್ಸರು. ಇನ್ನು ಏನು ಸೇರುತ್ತದೋ ಕೊಡಿ ಎಂದು ವೈದ್ಯರು ಮನೆಗೆ ಕಳಿಸಿದ್ದರು. ಕೆವಿನ್ ಒಳ್ಳೊಳ್ಳೆಯ ರೆಸ್ಟೋರೆಂಟುಗಳಿಂದ ಸೂಪು ತಂದ. ಲಿನ್ ಮೂಸಿ ನೋಡಿ ಗೋಡೆಯ ಕಡೆ ಹೊರಳಿದಳು.

ಒಂದು ಮಧ್ಯಾಹ್ನ, ಮಕ್ಕಳು ಆಫೀಸಿಗೆ ಹೋಗಿದ್ದಾಗ, ಅವಳು ನಿರುಪಮಾಳ ಮಣಿಕಟ್ಟು ಹಿಡಿದಳು. "ನೀರು. ಚಿಕನ್ ಸೂಪ್. ಹೋಮ್ ಸೂಪ್." ಹೇಳಿದ ಮೇಲೆ, ಯಾರನ್ನು ಕೇಳುತ್ತಿದ್ದೇನೆಂದು ನೆನಪಾಗಿ, ಕೈ ಬಿಟ್ಟಳು.

ನಿರುಪಮಾ ಕಾರಿನ ಬೀಗದ ಕೈ ತೆಗೆದುಕೊಂಡಳು. ಚೀನೀ ಗ್ರೋಸರಿಯ ಮಾಂಸದ ಕೌಂಟರಿನಲ್ಲಿ ಕೈ ತೋರಿಸಿದಳೇ ಹೊರತು ತೂಗುವುದನ್ನು ನೋಡಲಿಲ್ಲ. ಮನೆಗೆ ಬಂದು ಸಿಂಕಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಉಸಿರು ಬಿಗಿಹಿಡಿದು ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದಳು. ಅದು ಇಷ್ಟು ತಣ್ಣಗೆ, ಇಷ್ಟು ಮೆತ್ತಗೆ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ತೆರೆದ ಬಾಗಿಲಿನಿಂದ ಲಿನ್‌ಳ ಕ್ಷೀಣ ದನಿ ಬರುತ್ತಿತ್ತು. "ಫಸ್ಟ್ ವಾಟರ್, ಥ್ರೋ." ಮೊದಲ ಕುದಿಯ ನೀರನ್ನು ಚೆಲ್ಲಿದಳು. "ಜಿಂಜರ್." ಹಾಕಿದಳು. ಎಲಚಿ, ಗೋಜಿ ಹಣ್ಣು ಹಾಕಿದಳು. ಮನೆಯೆಲ್ಲ ವಾಸನೆ ತುಂಬಿತು. ಎರಡು ಸಲ ಹಿತ್ತಿಲಿಗೆ ಹೋಗಿ ಉಸಿರು ತೆಗೆದುಕೊಂಡು ಬಂದು ಉರಿ ಸಣ್ಣ ಮಾಡಿದಳು.

ದಿಂಬಿಗೆ ಒರಗಿಸಿ ಚಮಚದಲ್ಲಿ ಕುಡಿಸಿದಾಗ ಲಿನ್ ಕಣ್ಣು ಮುಚ್ಚಿಕೊಂಡೇ ಕುಡಿದಳು. ನಡುನಡುವೆ ನಿಲ್ಲಿಸಿ, ಸುಧಾರಿಸಿಕೊಂಡು, ಬಟ್ಟಲು ಪೂರ್ತಿ.

"ಗುಡ್, ನೀರು," ಎಂದಳು.

ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

*

ಗುಡ್ಡದ ಇಳಿಜಾರಿನ ಸ್ಮಶಾನದಲ್ಲಿ ಮಣ್ಣು ಹಾಕಿ ಎಲ್ಲರೂ ಕಾರುಗಳತ್ತ ನಡೆದರು. ಕೆವಿನ್ ಹಿಂದೆ ಉಳಿದು ನಿರುಪಮಾಳ ಜೊತೆಗೆ ಬಂದ. ಹೆಂಡತಿಯಿಂದ ಕಲಿತು ಅವನೂ ಅವಳನ್ನು ಅಮ್ಮ ಎನ್ನುತ್ತಿದ್ದ, ಮಿಕ್ಕದ್ದೆಲ್ಲ ಇಂಗ್ಲಿಷಿನಲ್ಲಿ.

"ಅಮ್ಮ, ಆ ಸೂಪು ಉಳಿದಿತ್ತಲ್ಲ, ಸಂಜೆ ನಾನು ಕುಡಿದೆ," ಎಂದ. ನಗಲು ನೋಡಿದ. "ಅದಕ್ಕೆ ಉಪ್ಪೇ ಹಾಕಿರಲಿಲ್ಲ."

ನಿರುಪಮಾ ನಿಂತುಬಿಟ್ಟಳು. ರುಚಿ ನೋಡಿರಲಿಲ್ಲ. ನೋಡಬೇಕೆಂಬುದೇ ಹೊಳೆದಿರಲಿಲ್ಲ.

"ನಾನು ಉಪ್ಪು ತರೋಕೆ ಎದ್ದೆ. ಮಾ ಬಿಡಲಿಲ್ಲ. 'ಅವಳಿಗೆ ಹೇಳಬೇಡ. ನನಗೋಸ್ಕರ ಕೋಳಿ ತೊಳೆದಿದ್ದಾಳೆ, ಹಾಗೇ ಕುಡಿ' ಅಂದಳು. ಹೇಳಬಾರದಿತ್ತೇನೋ. ಒಬ್ಬನೇ ಇಟ್ಟುಕೊಳ್ಳೋಕೆ ಆಗಲಿಲ್ಲ."

"ಒಂದು ಚಿಟಿಕೆ ಉಪ್ಪು ಕಣೋ," ಎಂದಳು ನಿರುಪಮಾ. ಕನ್ನಡದಲ್ಲೇ ಹೇಳಿದಳು. "ಬಾಯಿ ಬಿಟ್ಟು ಕೇಳಿದ್ದು ಆ ಸೂಪೊಂದೇ. ಅದನ್ನೂ ಸಪ್ಪೆ ಕುಡಿಸಿದೆ."

ಅವನಿಗೆ ಎಷ್ಟು ಅರ್ಥವಾಯಿತೋ. ಅವಳ ಹೆಗಲ ಮೇಲೆ ಹಣೆ ಊರಿ ಅತ್ತ.

*

ಊಟಕ್ಕೆ ಮಿಲ್‌ಬ್ರೇಯ ರೆಸ್ಟೋರೆಂಟಿಗೆ ಹೋದರು. ದುಂಡು ಮೇಜಿನ ನಡುವೆ ತಿರುಗುವ ಗಾಜಿನ ಹಲಗೆಯ ಮೇಲೆ ದೊಡ್ಡ ಬೋಗುಣಿಯಲ್ಲಿ ಸೂಪು ತಂದಿಟ್ಟರು. ಯಾರೂ ಸೌಟು ಮುಟ್ಟಲಿಲ್ಲ. ಇಷ್ಟು ವರ್ಷ ಬಡಿಸುತ್ತಿದ್ದವಳು ಒಬ್ಬಳೇ. ಮೊಮ್ಮಗಳು ಲೀಯಾ ಹಲಗೆಯನ್ನು ತಿರುಗಿಸಿದಳು. ಬೋಗುಣಿ ಕೆವಿನ್‌ನ ಮುಂದೆ, ಗಾರ್ಗಿಯ ಮುಂದೆ, ಭಾವನಾಳ ಮುಂದೆ ಹಾದು ಒಂದು ಸುತ್ತು ಬಂತು. ಮೇಲೆ ಜಿಡ್ಡಿನ ಕೆನೆ ಕಟ್ಟತೊಡಗಿತ್ತು.

ನಿರುಪಮಾ ಹಲಗೆಯನ್ನು ಹಿಡಿದು ನಿಲ್ಲಿಸಿ ಬೋಗುಣಿಗೆ ಅಂಗೈ ತಾಕಿಸಿ ನೋಡಿದಳು. ಮಾಣಿಯನ್ನು ಕರೆದಳು.

"ಆರಿಹೋಗಿದೆ. ಬಿಸಿ ಮಾಡಿ ತನ್ನಿ."

ಅವನು ಬೋಗುಣಿ ಎತ್ತಿಕೊಂಡು ಹೋದ. ಅದಿದ್ದ ಜಾಗದಲ್ಲಿ ಗಾಜಿನ ಮೇಲೆ ದುಂಡಗೆ ಒಂದು ಒದ್ದೆ ಗುರುತು ಉಳಿಯಿತು. ಖಾಲಿ ಬಟ್ಟಲುಗಳನ್ನು ಮುಂದಿಟ್ಟುಕೊಂಡು ಎಲ್ಲರೂ ಅದನ್ನೇ ನೋಡುತ್ತ ಕೂತರು. ಅದು ಅಂಚಿನಿಂದ ಒಳಗೆ, ನಿಧಾನವಾಗಿ ಆರುತ್ತಿತ್ತು.