ಅಪ್ಪನಿಗೊಂದು ಮೀನಿನ ತೊಟ್ಟಿ

ತಿಪ್ಪೇರುದ್ರಪ್ಪನ ಕಣ್ಣು ಅಲುಗಿದ್ದನ್ನು ಮೊದಲು ನೋಡಿದವಳು ಮಗಳು ಬೊಮ್ಮಕ್ಕ. ದುರ್ಗದ ಆಸ್ಪತ್ರೆಯಲ್ಲಿ ಹೆಸರು ಕೂಗುವುದನ್ನೇ ಕಾಯುತ್ತ ಅಪ್ಪನ ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಎದುರಿನ ಗೋಡೆಯ ಬುಡದಲ್ಲಿ ಗಾಜಿನದೊಂದು ಮೀನಿನ ತೊಟ್ಟಿ. ಅದರೊಳಗೆ ಕಿತ್ತಳೆ ಬಣ್ಣದ ಮೀನೊಂದು ಎಡದಿಂದ ಬಲಕ್ಕೆ ಹೋಯಿತು. ಅಪ್ಪನ ಕಣ್ಣೂ ಅದರ ಬೆನ್ನಿಗೇ ಹೋಯಿತು. ಮೀನು ಹೊರಳಿತು, ಕಣ್ಣೂ ಹೊರಳಿತು. ಆಮೇಲೆ ವರಾಂಡದಲ್ಲಿ ಅವಳು ಮುರಿದು ಕೊಟ್ಟ ಇಡ್ಲಿಯನ್ನು ಅಪ್ಪ ಪೂರಾ ತಿಂದ. ಒಂದಲ್ಲ, ಎರಡು.

ಐದು ತಿಂಗಳಲ್ಲಿ ಅಂಥದ್ದು ನಡೆದಿರಲಿಲ್ಲ. ರಾಮಗಿರಿಯ ಸುತ್ತ ಹತ್ತೂರಿಗೆ ಹೆಸರಾಗಿದ್ದ ಗಾರೆಯವನು ಅವನು. ಮೇಲೆ ನಿಂತು ಗಾರೆ ಮಾಡುತ್ತಿದ್ದ ಸಾರವೆ ಕಳಚಿಕೊಂಡು ಬಿದ್ದು ತಲೆಗೆ ಪೆಟ್ಟಾಗಿ, ಬಲಗಡೆಯ ಕೈಕಾಲೂ ಮಾತೂ ಒಟ್ಟಿಗೇ ಹೋಗಿದ್ದವು. ಅವತ್ತಿನಿಂದ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವನು, ತುಟಿಗೆ ಚಮಚ ತಾಗಿಸಿದರೂ ಬಾಯಿ ತೆರೆಯುತ್ತಿರಲಿಲ್ಲ. ದಿನಕ್ಕೆ ನಾಲ್ಕು ಚಮಚ ಒಳಗೆ ಹೋದರೆ ಹೆಚ್ಚು. "ಹಿಂಗೇ ಊಟ ಬಿಟ್ಕಂತ ಹೋದ್ರೆ ಔಷಧಿ ಏನೂ ಮಾಡಾಕಾಗಲ್ಲ. ಜೀವದ ಮೇಲೆ ಆಸೆ ಹುಟ್ಟಬೇಕು" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಮೀನಿನ ಸಂಗತಿಯನ್ನು ಬೊಮ್ಮಕ್ಕ ಅಣ್ಣ ದುರುಗಣ್ಣನ ಕಿವಿಗೆ ಹಾಕಿದಳು. ಅವನು ಲಗೇಜ್ ಆಟೊ ಓಡಿಸುವವನು.

"ಮೀನು ತಾನೆ? ನಾಳೇನೇ ಹೋಗಾಣ. ಆಸ್ಪತ್ರೇದಕ್ಕಿಂತ ದೊಡ್ಡದು ತರಾಣ."

ಅಪ್ಪನಿಗೆಂದು ಏನು ತಂದರೂ ಅವನು ದೊಡ್ಡದೇ ತರುತ್ತಿದ್ದ. ಮಂಚ ದೊಡ್ಡದು, ಫ್ಯಾನು ದೊಡ್ಡದು, ಹಾರ್ಲಿಕ್ಸ್ ಡಬ್ಬಿಯೂ ದೊಡ್ಡದು. ಸಾರವೆ ಕಟ್ಟಲು ಬಾ ಎಂದು ಅಪ್ಪ ಕರೆದ ದಿನ ಅವನು ಈರುಳ್ಳಿ ಹೇರಿಕೊಂಡು ಹಿರಿಯೂರಿಗೆ ಹೋಗಿದ್ದ. ಆ ಮಾತನ್ನು ಅವನು ಎತ್ತುತ್ತಿರಲಿಲ್ಲ, ಬೇರೆಯವರಿಗೂ ಎತ್ತಲು ಬಿಡುತ್ತಿರಲಿಲ್ಲ.

ಮೀನಿನ ಅಂಗಡಿ ದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ಅಂಗಡಿಯ ಗೋವಿಂದಯ್ಯ ತೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಬೊಮ್ಮಕ್ಕ ಎರಡಡಿಯ ಒಂದು ತೊಟ್ಟಿಯ ಮುಂದೆ ನಿಂತಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಇದು ಕೂರುತ್ತದೆ. ಅಪ್ಪ ಕುತ್ತಿಗೆ ಹೊರಳಿಸಬೇಕಾಗಿಲ್ಲ, ಕಣ್ಣು ಬಿಟ್ಟರೆ ಸಾಕು. ಗಾಜಿನ ಅಂಚನ್ನು ಒಂದು ಬೆರಳಿನಿಂದ ಮುಟ್ಟಿದಳು.

"ತಾಯಿ ಸರಿಯಾದ್ದೇ ಹಿಡದೈತೆ ನೋಡ್ರಿ," ಗೋವಿಂದಯ್ಯ ನಕ್ಕರು. "ಹೊಸದಾಗಿ ಸಾಕೋರಿಗೆ ಅದೇ ಚಲೋದು."

"ಅದ್ಯಾಕ್ರಿ, ಉಪ್ಪಿನಕಾಯಿ ಹಾಕಾಕಾ?" ದುರುಗಣ್ಣ ಅಂಗಡಿಯ ಒಳಗೆ ನುಗ್ಗಿ ಹೋಗಿ, ಗೋಡೆಯುದ್ದಕ್ಕೂ ಇದ್ದ ನಾಲ್ಕಡಿಯ ತೊಟ್ಟಿಯ ಮೇಲೆ ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿದ.

"ಏನಪ್ಪ, ಗಡಿಗೆ ಕೊಳ್ಳಾಕೆ ಬಂದೀಯೇನು? ಪಕ್ಕದ ಮೀನು ಹೆದ್ರಿಕಂತಾವೆ, ಬಡೀಬ್ಯಾಡ."

"ಇದೇ ಬೇಕ್ರಿ. ನಮ್ಮಪ್ಪ ಮಲಗಿದ್ ಕಡೆಯಿಂದಾನೇ ಕಾಣಬೇಕು. ಸಮುದ್ರ ಇದ್ದಂಗೆ ಇರ್ಬೇಕು."

ಗೋವಿಂದಯ್ಯ ನಗೆ ನಿಲ್ಲಿಸಿ ಹತ್ತಿರ ಬಂದರು. "ಕೊಡ್ತೀನಿ. ಆದ್ರೆ ಕೇಳ್ರಿ. ಇದಕ್ಕೆ ನೀರು ತುಂಬಿದ್ರೆ ಐದು ಮೂಟೆ ಸಿಮೆಂಟಿನ ತೂಕ. ಇಡೋ ನೆಲ ಸಮ ಇರ್ಬೇಕು. ಒಂದು ಮೂಲೆ ತಗ್ಗಿದ್ರೂ ಗಾಜು ತಿರುಚ್ಕಂಡು ಸೀಳ್ತತೆ. ನಿಮ್ಮನೆ ನೆಲ ಸಮ ಐತೇನ್ರಿ?"

"ತಿಪ್ಪೇರುದ್ರಪ್ಪ ಹಾಕಿದ ನೆಲ ಸ್ವಾಮಿ! ಗೋಲಿ ಇಟ್ರೆ ಉರುಳಲ್ಲ."

ಬೊಮ್ಮಕ್ಕ ಅಣ್ಣನ ಕಡೆ ತಿರುಗಿದಳು. ಅಣ್ಣ ಒಂದು ದಿನವೂ ಆ ಮನೆಯ ನೆಲ ತೊಳೆದವನಲ್ಲ, ಅಪ್ಪನ ಜೊತೆ ಕರಣೆ ಹಿಡಿದವನೂ ಅಲ್ಲ. ನೆಲ ತೊಳೆದವಳು ಅವಳು. ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿದರೆ ಸಾಕು, ಪೊರಕೆ ಮುಟ್ಟುವ ಮೊದಲೇ ಅದು ಕಡಪ ಕಲ್ಲಿನ ಮೇಲೆ ತಾನಾಗಿಯೇ ಹರಿದು ಬಚ್ಚಲ ಮೂಲೆಯ ತೂಬಿಗೆ ಹೋಗಿಬಿಡುತ್ತಿತ್ತು. ಇಳಿಜಾರು ಕಣ್ಣಿಗೆ ಕಾಣದು, ಕಾಲಿಗೂ ತಿಳಿಯದು. ನೀರಿಗೆ ಮಾತ್ರ ಗೊತ್ತು. ಅದಕ್ಕೆ ಗಾರೆಯವರು ವಾಟ ಅನ್ನುತ್ತಾರೆ. ಅಪ್ಪನಷ್ಟು ನಯವಾಗಿ ವಾಟ ಕೊಡುವವರು ಹೊಳಲ್ಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಹೆಂಗಸರು ಅವನನ್ನೇ ಕರೆಸಿ ನೆಲ ಹಾಕಿಸುತ್ತಿದ್ದದ್ದು ಅದಕ್ಕೇ.

ಅವಳ ತುಟಿ ಅಲುಗಿತು. ಗೋವಿಂದಯ್ಯ ನೋಡಿದರು. "ಏನ್ ತಾಯಿ?"

ಅವ್ವ ಸತ್ತ ವರ್ಷ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಒಲೆಯ ಮುಂದೆ ಕೂತ ಹುಡುಗಿ. ಹೊರಗಿನವರು ಎದುರಿಗೆ ನಿಂತು ಕೇಳಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. "ಏನಿಲ್ಲ" ಎಂದಳು.

ತೊಟ್ಟಿಯನ್ನೂ ಅದರ ಕಬ್ಬಿಣದ ಸ್ಟ್ಯಾಂಡನ್ನೂ ನೀರಿನ ಚೀಲದಲ್ಲಿ ಕಟ್ಟಿಕೊಟ್ಟ ಮೀನುಗಳನ್ನೂ ಆಟೊಗೆ ಹೇರಿದರು. ರಾಮಗಿರಿಯವರೆಗೂ ಬೊಮ್ಮಕ್ಕ ಹಿಂದೆ ಕೂತು, ಕೌದಿ ಸುತ್ತಿದ ಗಾಜನ್ನು ತಬ್ಬಿಕೊಂಡು ಬಂದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯೊಳಗೆ ಜೋಡಿಸಿಕೊಂಡಳು. ಮನೆ ಬಂದಾಗ ಅದರಲ್ಲಿ ಎರಡೇ ಪದ ಉಳಿದಿದ್ದವು.

"ಅಣ್ಣ, ವಾಟ ಐತೆ."

"ಇದ್ರೆ ಇರ್ಲಿ ಬಿಡೇ," ಎಂದ ದುರುಗಣ್ಣ, ಒಲೆಯ ಬಳಿಯಿಂದ ಎರಡು ಸೌದೆ ಚಕ್ಕೆ ತಂದು ಸ್ಟ್ಯಾಂಡಿನ ಬಚ್ಚಲ ಕಡೆಯ ಎರಡು ಕಾಲಿನ ಕೆಳಗೆ ತುರುಕಿದ. ಅಪ್ಪ ವಾಟ ಕೊಟ್ಟದ್ದು ಮೂಲೆಗೆ. ನಾಲ್ಕು ಕಾಲು ನಾಲ್ಕು ಎತ್ತರದಲ್ಲಿದ್ದವು. ಎರಡು ಚಕ್ಕೆಯಿಂದ ಅದು ಸರಿಹೋಗುವಂಥದ್ದಲ್ಲ. ಆದರೂ ದೂರದಿಂದ ನೋಡಿದರೆ ಎಲ್ಲ ನೆಟ್ಟಗೇ ಕಾಣುತ್ತಿತ್ತು.

ಅಪ್ಪನ ಅಕ್ಕ ಬರಗೇರಮ್ಮ ಬಾಯಿಯ ಎಲೆ ಅಡಿಕೆ ಉಗುಳಿ ಬಂದು ಬಾಗಿಲಲ್ಲಿ ನಿಂತಳು. "ಅಯ್ಯೋ, ಕುಡಿಯೋ ನೀರು ಮೂರು ದಿನಕ್ಕೊಂದ್ಸಲ ಬರ್ತತೆ, ಮೀನಿಗೆ ಕೆರೆ ಕಟ್ಸಿದ್ಯೇನೋ?" ಎಂದು ಅಣಕಿಸಿ, ತಾನೇ ಸೆರಗು ಸಿಕ್ಕಿಸಿ ಕೊಡ ಎತ್ತಿಕೊಂಡಳು.

ದುರುಗಣ್ಣ ಅಪ್ಪನನ್ನು ಈಚೆ ಹೊರಳಿಸಿ, ದಿಂಬು ಕೊಟ್ಟು ಕೂರಿಸಿದ. ಕೊಡದ ಮೇಲೆ ಕೊಡ ಬಿತ್ತು. ಎಂಟು, ಒಂಬತ್ತು. ಹತ್ತನೆಯ ಕೊಡಕ್ಕೆ ಅಪ್ಪನ ಎಡಗೈ ಮಂಚದಿಂದ ಮೇಲೆದ್ದಿತು.

"ಕೈ ಎತ್ತಿದ! ನಮ್ಮ ರುದ್ರ ಕೈ ಎತ್ತಿದ ಕಣ್ರೋ!" ಬರಗೇರಮ್ಮ ಕೂಗಿದಳು.

"ಖುಷಿ ಆತೇನಪ್ಪ?" ದುರುಗಣ್ಣನ ಕಣ್ಣಲ್ಲಿ ನೀರು ತುಂಬಿತು. ಐದು ತಿಂಗಳಲ್ಲಿ ಅವನು ಅಪ್ಪನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಅಪ್ಪನ ಅಂಗೈ ಚಪ್ಪಟೆಯಾಗಿ ಗಾಳಿಯಲ್ಲಿ ನಿಂತಿತು. ಆಮೇಲೆ ಕಿರುಬೆರಳಿನ ಕಡೆಗೆ ಮೆಲ್ಲಗೆ ವಾಲಿತು. ಕೆಲಸದ ಜಾಗಕ್ಕೆ ಬುತ್ತಿ ಒಯ್ಯುತ್ತಿದ್ದಾಗ ಬೊಮ್ಮಕ್ಕ ಆ ಕೈಯನ್ನು ನೂರು ಸಲ ನೋಡಿದ್ದಳು. ನೆಲ ಆ ಕಡೆ ಜಾರಿದೆ ಎಂದು ಕೂಲಿಯವರಿಗೆ ಅವನು ಹೇಳುತ್ತಿದ್ದದ್ದು ಹಾಗೆಯೇ. ಅವನು ಮೀನಿನ ಚೀಲವನ್ನು ನೋಡುತ್ತಲೇ ಇರಲಿಲ್ಲ. ತೊಟ್ಟಿಯ ಕೆಳಗಿನ ಮೂಲೆಯನ್ನೇ ನೋಡುತ್ತಿದ್ದ. ಕೈ ಮಂಚಕ್ಕೆ ಪಟ್ ಎಂದು ಬಡಿಯಿತು. ಮತ್ತೆ ಎದ್ದಿತು, ಮತ್ತೆ ವಾಲಿತು.

"ಇನ್ನೂ ತುಂಬ್ರಿ ಅಂತಾನೆ! ಬೊಮ್ಮೀ, ಏನ್ ನೋಡ್ತಾ ನಿಂತೆ, ಸುರುವು!" ಎಂದು ದುರುಗಣ್ಣ ಅವಸರಿಸಿದ.

ಸೊಂಟದ ಮೇಲೆ ತುಂಬಿದ ಕೊಡ. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಅಣ್ಣನ ಮುಖ ಅಷ್ಟು ಬೆಳಗಿತ್ತು, ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈಗ ಬಾಯಿ ಬಿಟ್ಟು ಇವರ ಸಂತೋಷಕ್ಕೆ ಮಣ್ಣು ಹಾಕಲೇ? ಅವಳು ಅಪ್ಪನ ಕಡೆಗೆ ನೋಡದೆ ಕೊಡ ಬಗ್ಗಿಸಿದಳು.

ಹದಿನೇಳು ಕೊಡ ಹಿಡಿಯಿತು. ಕಿತ್ತಳೆ ಮೀನು ಆರು, ಕರಿ ಮೀನು ಎರಡು ಬಿಟ್ಟರು. ಮಧ್ಯಾಹ್ನದ ಊಟಕ್ಕೆ ದುರುಗಣ್ಣ ತಟ್ಟೆ ಹಿಡಿದು ಅಪ್ಪನ ಎದುರೇ ಕೂತ. ಎರಡನೇ ತುತ್ತು ಎತ್ತುವಾಗ ಕಲ್ಲು ಸಿಡಿದ ಹಾಗೆ ಸದ್ದಾಯಿತು. ಕೆಳಗಿನ ಮೂಲೆಯಿಂದ ಮೇಲಕ್ಕೆ ಒಂದು ಗೆರೆ ಓಡಿತು. ಆಮೇಲೆ ಮುಂದಿನ ಗಾಜೇ ಇರಲಿಲ್ಲ.

ನೀರು ಮಂಚದ ಕಾಲು ತೊಳೆದು ಬಚ್ಚಲ ಮೂಲೆಗೆ ನುಗ್ಗಿತು. ಒಂದು ಹನಿಯೂ ಎಲ್ಲೂ ನಿಲ್ಲಲಿಲ್ಲ. ಮೂರು ಮೀನುಗಳು ತೂಬಿನೊಳಗೇ ಹೋದವು. ಉಳಿದವು ಗಾಜಿನ ಚೂರಿನ ನಡುವೆ ಬಡಿದುಕೊಂಡವು. ಬರಗೇರಮ್ಮ ಚೊಂಬಿನಲ್ಲಿ ನೀರು ತರುವಷ್ಟರಲ್ಲಿ ಅವೂ ಸುಮ್ಮನಾಗಿದ್ದವು.

"ಗಾಜು ಸರಿ ಇಲ್ಲ. ತೆಳ್ಳನೇದು ಕೊಟ್ಟವ್ನೆ," ದುರುಗಣ್ಣ ಯಾರ ಮುಖವನ್ನೂ ನೋಡದೆ ಎದ್ದ. "ನಾಳೆ ಇದಕ್ಕಿಂತ ದಪ್ಪಂದು ತರ್ತೀನಿ." ಆಟೊ ಹತ್ತಿ ಎತ್ತಲೋ ಹೊರಟುಹೋದ.

ಅಪ್ಪ ಕಣ್ಣು ಮುಚ್ಚಿದ್ದ. ಕೈ ಹೊದಿಕೆಯ ಮೇಲೆ ಬಿದ್ದಿತ್ತು. ಬೊಮ್ಮಕ್ಕ ಚೂರು ಬಳಿದು ಹಾಕಿ, ರಾಗಿ ಗಂಜಿ ಕಾಯಿಸಿ ತಂದು ಅವನ ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪ, ನೀನು ವಾಟ ಅಂದಿದ್ದು ನಂಗೆ ಗೊತ್ತಾಗಿತ್ತು."

ಅವನು ಕಣ್ಣು ತೆರೆದ. ತುಂಬ ಹೊತ್ತು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವಳು ಅದನ್ನಾದರೂ ಹಿಡಿದುಕೊಂಡು ಅಳುತ್ತಿದ್ದಳು. ಸಿಟ್ಟೂ ಇರಲಿಲ್ಲ. ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅವಳು ಚಮಚವನ್ನು ತುಟಿಗೆ ತಾಗಿಸಿದಳು. ತುಟಿ ತೆರೆಯಲಿಲ್ಲ. ಇನ್ನೊಮ್ಮೆ ತಾಗಿಸಿದಳು. ಗಂಜಿ ಆರಿ ಮೇಲೆ ಪದರ ಕಟ್ಟಿತು. ಅವಳು ಕೈ ಹಿಂದಕ್ಕೆ ತೆಗೆಯದೆ ಹಾಗೇ ಕೂತಿದ್ದಳು.