ದೊಡ್ಡದು ಮಾಡಿ

“ದೊಡ್ಡದು ಮಾಡಿ ಸಾರ್, ದೊಡ್ಡದು ಮಾಡಿ!” ಎಂದು ವನಜಾಕ್ಷಿ ಬೆಂಚಿನಿಂದ ಎದ್ದು ಮೇಜಿನ ಕಡೆ ಕೈ ತೋರಿಸುತ್ತಾ ಕೂಗಿದಳು. ಮೇಷ್ಟ್ರು ನಕ್ಕರು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಶಾಲಾ ಇನ್‌ಸ್ಪೆಕ್ಟರರ ಕಡೆಗೆ ತಿರುಗಿ, “ನೋಡಿ ಸಾರ್, ನಮ್ಮ ಮಕ್ಕಳಿಗೆ ಎಷ್ಟು ಆಸಕ್ತಿ” ಎಂದು ಸೀಮೆಎಣ್ಣೆ ದೀಪದ ತಿರುಪನ್ನು ಪೂರ್ತಿ ತಿರುಗಿಸಿದರು. ಬತ್ತಿ ಮೇಲೆದ್ದಿತು. ಗಾಜಿನ ಚಿಮಣಿ ತೆಗೆದಿದ್ದ ದೀಪದ ಜ್ವಾಲೆ ಗೇಣುದ್ದ ನೆಗೆದು ಕಪ್ಪು ಹೊಗೆ ಕಾರಿತು.

ಆಮೇಲೆ ಹೊತ್ತಿಕೊಂಡ ಬೆಂಕಿ ಯಾರಿಗೂ ಕಾಣಲಿಲ್ಲ. ಕಿಟಕಿಯ ಬಿಸಿಲು ಮೇಜಿನ ತುಂಬ ಬಿದ್ದಿತ್ತು. ಮೇಷ್ಟ್ರ ಮೊಣಕೈ ತಗುಲಿ ಅವರ ಬೆನ್ನ ಹಿಂದೆ ಉರುಳಿದ್ದ ಸೀಸೆಯಿಂದ ಸ್ಪಿರಿಟ್ಟು ಹರಿದು ದೀಪದ ಬುಡ ಮುಟ್ಟಿತ್ತು. ಸ್ಪಿರಿಟ್ಟಿನ ಜ್ವಾಲೆ ತೆಳು ನೀಲಿ; ಬಿಸಿಲಿನಲ್ಲಿ ಅದು ಇದ್ದೂ ಇಲ್ಲದಂತೆ. ನಮಗೆ ಕಂಡದ್ದು, ಅತಿಥಿಗೆ ಹೊದಿಸಲೆಂದು ಮಡಿಸಿಟ್ಟಿದ್ದ ಶಾಲಿನ ಜರಿಯಂಚು ತನ್ನಷ್ಟಕ್ಕೆ ತಾನೇ ಕಂದಾಗಿ, ಕಪ್ಪಾಗಿ, ಒಳಕ್ಕೆ ಸುರುಟಿಕೊಂಡದ್ದು ಮಾತ್ರ.

ಇನ್‌ಸ್ಪೆಕ್ಟರರು ಕುರ್ಚಿಯ ಹಿಂದೆ ಸರಿದರು. ಮೇಷ್ಟ್ರು ದೀಪವನ್ನು ಎತ್ತಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತರು. ವನಜಾಕ್ಷಿ ಬಾಗಿಲಿನ ಗೋಣಿತಾಟನ್ನು ಎಳೆದು ತಂದು ಮೇಜಿನ ಮೇಲೆ ಹೊದಿಸಿ, ಎರಡೂ ಕೈಯಿಂದ ಅದುಮಿದಳು. ಉರಿಯಲು ಇಂಧನ, ಗಾಳಿ, ಕಾವು ಮೂರೂ ಬೇಕು, ಒಂದನ್ನು ತೆಗೆದರೂ ಸಾಕು ಎಂದು ಮೇಷ್ಟ್ರು ಆಗ ತಾನೇ ಹೇಳಿದ್ದರು. ಗಾಳಿ ತಪ್ಪಿತು, ಬೆಂಕಿ ಸತ್ತಿತು. ಅವಳ ಬಲಗೈ ಮಣಿಕಟ್ಟು ಸುಟ್ಟಿದ್ದು ಅವಳಿಗೂ ಆಮೇಲೆಯೇ ಗೊತ್ತಾಯಿತು.

ಆ ಮೇಷ್ಟ್ರು ನನ್ನ ಅಪ್ಪ. ವನಜಾಕ್ಷಿ ನನ್ನ ಸಹಪಾಠಿ.

ನಮ್ಮ ಊರಿನಲ್ಲಿ ದೀಪ ಆರಿತು ಎಂದು ಯಾರೂ ಹೇಳುತ್ತಿರಲಿಲ್ಲ. ಆ ಮಾತು ಸಾವಿನ ಮನೆಗೆ ಮೀಸಲು. ದೀಪವನ್ನು ಆರಿಸಬೇಕಾದಾಗ ‘ದೊಡ್ಡದು ಮಾಡು’ ಎನ್ನುತ್ತಿದ್ದರು. ಅಪ್ಪನಿಗೆ ಈ ಮಾತಿನ ಮೇಲೆ ಕೋಪ. ದಹನಕ್ರಿಯೆಯ ಪಾಠ ಶುರುವಾದ ದಿನ, ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, “ಈಗೇನಾಯಿತು?” ಎಂದು ಕೇಳಿದರು.

“ದೊಡ್ಡದಾಯ್ತು ಸಾರ್,” ಎಂದಳು ವನಜಾಕ್ಷಿ.

“ಎಲ್ಲಮ್ಮಾ ದೊಡ್ಡದಾಯಿತು? ಲೋಟದೊಳಗಿನ ಆಮ್ಲಜನಕ ಸಾಲದೆ ಹೋಯಿತು, ಜ್ವಾಲೆ ಆರಿತು. ಆರಿತು ಅನ್ನು.”

“ಹಾಗಂದ್ರೆ ನಮ್ಮಮ್ಮ ಬೈತಾರೆ ಸಾರ್.”

“ಆರು ಅನ್ನಬಾರದೋ? ಹಾಗಾದರೆ ನಿಮ್ಮಮ್ಮ ಐದಾದ ಮೇಲೆ ಏಳು ಎಣಿಸುತ್ತಾರೇನು?”

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅವಳಿಗೆ ‘ಐದೇಳು’ ಎಂಬ ಹೆಸರು ಬಿತ್ತು. ಅವಳು ಪ್ರಯತ್ನಪಟ್ಟು ಆ ಮಾತನ್ನು ಬಿಟ್ಟಳು. ಮೇಣದಬತ್ತಿಯಲ್ಲಿ ಉರಿಯುವುದು ಬತ್ತಿಯಲ್ಲ, ಕರಗಿ ಆವಿಯಾದ ಮೇಣ ಎಂಬುದನ್ನೂ, ಜ್ವಾಲೆಯ ಮೂರು ವಲಯಗಳನ್ನೂ ಅವಳಷ್ಟು ಚೆನ್ನಾಗಿ ಹೇಳುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಕಣ್ಣೆದುರು ಸ್ಪಿರಿಟ್ಟು ಹರಿದು ದೀಪದ ಕಡೆ ಹೊರಟಾಗ ಬಾಯಿಗೆ ಬಂದದ್ದು ಅಮ್ಮನ ಮಾತು.

ಹೆಡ್‌ಮಾಸ್ಟರರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕ್ಲಾಸ್ ಲೀಡರ್ ಎಂದು ನನ್ನನ್ನೂ ಕರೆದಿದ್ದರು. ಅಪ್ಪ ನೆಟ್ಟಗೆ ನಿಂತು ಹೇಳಿದರು: “ದೊಡ್ಡದು ಮಾಡಿ ಅಂದಳು, ಮಾಡಿದೆ. ನನ್ನನ್ನು ರೇಗಿಸಲಿಕ್ಕೆ ಅವಳು ಆ ಮಾತು ಆಡುವುದು ಇದು ಮೊದಲಲ್ಲ.”

“ಸೀಸೆ ಬಿದ್ದಿತ್ತು ಸಾರ್, ಅದಕ್ಕೇ ಕೂಗಿದೆ,” ಎಂದಳು ವನಜಾಕ್ಷಿ.

“ಕೂಗೋದಾದರೆ ಸೀಸೆ ಬಿತ್ತು ಅಂತ ಕೂಗಬೇಕಿತ್ತು,” ಎಂದರು ಹೆಡ್‌ಮಾಸ್ಟರು. ಸುಟ್ಟ ಶಾಲು ಅವರ ಮೇಜಿನ ಮೇಲಿತ್ತು. ಅದಕ್ಕೊಬ್ಬ ಅಪರಾಧಿ ಬೇಕಿತ್ತು. ಕ್ಷಮೆ ಕೇಳುವವರೆಗೆ ಶಾಲೆಗೆ ಬರಕೂಡದು, ಪರೀಕ್ಷೆಗೂ ಕೂರಿಸುವುದಿಲ್ಲ ಎಂದುಬಿಟ್ಟರು. ಅವಳು ಕ್ಷಮೆ ಕೇಳಲಿಲ್ಲ. ಪುಸ್ತಕದ ಚೀಲವನ್ನು ಎಡಗೈಗೆ ಹಾಕಿಕೊಂಡು ಹೊರಟುಹೋದಳು.

ಸಂಜೆ ಅಜ್ಜಿ ನನ್ನಿಂದ ಎಲ್ಲವನ್ನೂ ಕೇಳಿಸಿಕೊಂಡು ಅಪ್ಪನನ್ನು ಅಡುಗೆಮನೆಗೆ ಕರೆದಳು. “ಆ ಮಗು ಕೂಗಿದಾಗ ನಿನಗೇನು ಕೇಳಿಸಿತೋ ಶ್ಯಾಮು?”

“ದೊಡ್ಡದು ಮಾಡಿ ಅಂತ ಕೇಳಿಸಿತು.”

“ಹಾಗಂದ್ರೆ ಏನು?”

ಅಪ್ಪ ಅಂಗಿಯ ತೋಳು ಮಡಿಸತೊಡಗಿದರು.

“ನನ್ನ ಹೊಟ್ಟೇಲಿ ಹುಟ್ಟಿದವನು ನೀನು. ದೀಪ ದೊಡ್ಡದು ಮಾಡಿದ ಮೇಲೇ ನಿದ್ದೆ ಮಾಡ್ತಿದ್ದೆ. ಹೇಳು, ಹಾಗಂದ್ರೆ ಏನು?”

“ಗೊತ್ತಿತ್ತಮ್ಮ,” ಎಂದರು ಅಪ್ಪ. “ಇನ್‌ಸ್ಪೆಕ್ಟರ್ ಮುಂದೆಯೂ ಅದೇ ಮಾತಾಡಿದಳಲ್ಲ ಅಂತ ಸಿಟ್ಟು ಬಂತು. ದೊಡ್ಡದೇ ಮಾಡಿ ತೋರಿಸೋಣ, ಬುದ್ಧಿ ಬರಲಿ ಅನ್ನಿಸಿತು. ಅವಳು ಯಾವ ಕಡೆ ಕೈ ತೋರಿಸ್ತಿದ್ದಾಳೆ ಅಂತ ನೋಡಲಿಲ್ಲ.”

“ಇದನ್ನ ಅಲ್ಲಿ ಹೇಳಿದ್ಯಾ?”

“ಹೇಳಿದರೆ ನಾಳೆಯಿಂದ ಯಾವ ಮುಖ ಹೊತ್ತು ಪಾಠ ಮಾಡಲಿ?”

ಅಪ್ಪನಿಗೆ ಮಾತು ತಿಳಿಯಲಿಲ್ಲ, ಗಾಬರಿಯಲ್ಲಿ ತಪ್ಪು ಕೇಳಿಸಿತು ಎಂದೆಲ್ಲ ನಾನು ನನ್ನೊಳಗೆ ಕಟ್ಟಿಕೊಂಡು ಬಂದಿದ್ದೆ. ಅದು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿಯಿತು. ಮಾರನೆಯ ದಿನ ಅಪ್ಪ ಅದೇ ಕೋಣೆಯಲ್ಲಿ, ಅದೇ ದನಿಯಲ್ಲಿ ಪಾಠ ಮಾಡಿದರು. ‘ಆರುತ್ತದೆ’ ಎಂಬಲ್ಲಿ ಹುಡುಗರು ಎಂದಿನಂತೆ ನಕ್ಕರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಮುಖ ಉರಿಯುತ್ತಿತ್ತು. ಹಗಲಿನ ಸ್ಪಿರಿಟ್ಟಿನ ಹಾಗೆ, ಪಕ್ಕದವನಿಗೂ ಅದು ಕಾಣುವಂತಿರಲಿಲ್ಲ. ಹಾಜರಿ ಕೂಗುವಾಗ ನನ್ನ ಹೆಸರಿನ ಜೊತೆ ಅಪ್ಪನ ಹೆಸರೂ ಬರುತ್ತಿತ್ತು. ಎದ್ದು ‘ಬಂದಿದ್ದೇನೆ’ ಎನ್ನುವುದೇ ಒಂದು ಶಿಕ್ಷೆಯಾಯಿತು.

ಅಜ್ಜಿ ಅಪ್ಪನೊಡನೆ ಮಾತು ಬಿಟ್ಟಳು. ಅದನ್ನು ತಾಳಲಾರದೆಯೋ ಏನೋ, ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನೂ ಕರೆದುಕೊಂಡು ವನಜಾಕ್ಷಿಯ ಮನೆಗೆ ಹೊರಟರು.

ಅವಳ ಅಮ್ಮ ಅಂಗಳದಲ್ಲಿ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದರು. ಅಪ್ಪನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದರು. “ಬನ್ನಿ ಮೇಷ್ಟ್ರೇ. ನಮ್ಮ ಹುಡುಗಿಗೆ ಬಾಯಿ ಜಾಸ್ತಿ, ನೀವು ಮನಸ್ಸಿಗೆ ಹಚ್ಚಿಕೋಬೇಡಿ. ಪರೀಕ್ಷೆ ಒಂದು ತಪ್ಪದಂತೆ ನೋಡಿಕೊಳ್ಳಿ.”

ವನಜಾಕ್ಷಿ ಬಾಗಿಲಿಗೆ ಬಂದು ನಿಂತಳು. ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಯಲ್ಲಿ ಎಣ್ಣೆಯ ಕಲೆಯಿತ್ತು.

“ಹೆಡ್‌ಮಾಸ್ಟರ ಹತ್ತಿರ ಮಾತಾಡಿದ್ದೇನಮ್ಮ,” ಎಂದರು ಅಪ್ಪ. “ಕ್ಷಮೆಗಿಮೆ ಏನೂ ಬೇಡ. ನಾಳೆ ಸುಮ್ಮನೆ ಬಂದು ಕೂತುಕೊ. ನಾನು ಮನ್ನಿಸಿದ್ದೇನೆ ಅಂತ ಹೇಳಿದೆ, ಒಪ್ಪಿದರು.”

“ಏನನ್ನ ಮನ್ನಿಸಿದ್ರಿ ಸಾರ್?”

ಅಪ್ಪ ಹಪ್ಪಳಗಳನ್ನು ನೋಡಿದರು. “ಆದದ್ದಾಯಿತು ಬಿಡು.”

“ನಾನು ಏನಂತ ಕೂಗಿದ್ದು ನಿಮಗೆ ಗೊತ್ತಾಗಿತ್ತಾ?”

“ವನಜಾ!” ಎಂದರು ಅವಳ ಅಮ್ಮ.

“ಗೊತ್ತಾಗಿತ್ತು,” ಎಂದರು ಅಪ್ಪ. ಅಂಗಳ ದಾಟದಷ್ಟು ಸಣ್ಣ ದನಿಯಲ್ಲಿ.

“ಅದನ್ನ ಕ್ಲಾಸಲ್ಲಿ ಹೇಳ್ತೀರಾ?”

ಅಪ್ಪ ಜೇಬಿನಿಂದ ಹೊಸ ಬೆಂಕಿಪೊಟ್ಟಣ ತೆಗೆದರು. “ನೋಡು, ಇನ್ನು ಮೇಲೆ ಪ್ರಯೋಗವೆಲ್ಲ ನೀನೇ ಮಾಡು. ಮೇಜಿನ ಹತ್ತಿರ ನನ್ನ ಪಕ್ಕದಲ್ಲಿ ನಿಂತುಕೊ. ದೀಪವನ್ನೂ ನೀನೇ ಹಚ್ಚು. ಹಿಡಿ.” ಅವರು ನಗಲು ನೋಡಿದರು. ಚಾಚಿದ ಪೊಟ್ಟಣದೊಳಗೆ ಕಡ್ಡಿಗಳು ಸದ್ದು ಮಾಡಿದವು.

“ತಗೊಳ್ಳೇ, ಮೇಷ್ಟ್ರು ಮನೆವರೆಗೂ ಬಂದಿದ್ದಾರೆ,” ಎಂದರು ಅಮ್ಮ, ಅಳು ಬಂದವರಂತೆ.

ವನಜಾಕ್ಷಿ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬೇಡ,” ಎಂದಳು. ಸಾರ್ ಎಂದು ಸೇರಿಸಲಿಲ್ಲ.