ಮೂರು ಮಕ್ಕಳ ತಾಯಿ

ಆ ತರಬೇತಿ ಕೇಂದ್ರದ ಕೀಬೋರ್ಡುಗಳನ್ನು ನೋಡಿದರೆ ಎಂಥವರೂ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಅಕ್ಷರಗಳ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಯಾರದೋ ಕೂದಲು, ಇನ್ಯಾರದೋ ಉಗುರಿನ ಚೂರು. ಮೌಸ್ ಹಿಡಿದರೆ ಅಂಟು, ಬಿಟ್ಟರೆ ಕೈಯೆಲ್ಲ ನಾತ. ಗುಬ್ಬಿ ಮೊದಲ ದಿನವೇ ಮನೆಯಿಂದ ಹಳೆಯ ಬನಿಯನ್ನಿನ ತುಂಡು ತಂದು ತನ್ನ ಮೇಜನ್ನು ಉಜ್ಜಿ ಉಜ್ಜಿ ಒರೆಸಿದಳು. ಪಕ್ಕದವರು ಕಿಸಕ್ಕೆಂದರು. ನಗಲಿ, ನಕ್ಕವರ ಹಲ್ಲೇನು ಅವರ ಕೀಬೋರ್ಡಿಗಿಂತ ಚೊಕ್ಕಟವೇ ಎಂದುಕೊಂಡಳು.

ಗುಬ್ಬಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಮೂವತ್ತು ದಾಟಿ, ಮಕ್ಕಳಾಗಲಿಲ್ಲವೆಂಬ ಚುಚ್ಚುಮಾತು ಕೇಳಿ ಕೇಳಿ ಗಂಡನ ಮನೆ ಬಿಟ್ಟು ಬಂದ ಮೇಲೂ ಅದು ಹೋಗಿರಲಿಲ್ಲ. ಅಣ್ಣನ ಮನೆಯಲ್ಲಿ ಅವಳು ಮಲಗುತ್ತಿದ್ದುದು ಬಟ್ಟೆಗೆ ಇಸ್ತ್ರಿ ಹಾಕುವ ಕೋಣೆಯಲ್ಲಿ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಬೆಳಿಗ್ಗೆ ಅಣ್ಣನ ಅಂಗಿಗೆ ಇಸ್ತ್ರಿಯಾಗಬೇಕೆಂದರೆ ಇವಳ ಹಾಸಿಗೆ ಏಳಲೇಬೇಕು. ತನ್ನದೆಂದು ಕೂರುವ ಒಂದು ಜಾಗ ಬೇಕೆಂಬ ಹಟಕ್ಕೆ ಬಿದ್ದು ಅವಳು ವೆಬ್‌ಸೈಟ್ ಕಟ್ಟುವುದನ್ನೂ ಬ್ಲಾಗ್ ಬರೆಯುವುದನ್ನೂ ಕಲಿಯಲು ಸೇರಿದ್ದಳು. ಚೆನ್ನಾಗಿ ಕಲಿತವರಿಗೆ ಅಲ್ಲೇ, ಬರಹದ ಕೋಣೆಯಲ್ಲಿ ಕೆಲಸ ಎಂದಿದ್ದರು. ಆ ಕೋಣೆಯ ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಗುಬ್ಬಿಯ ಕಣ್ಣು ಅದರ ಮೇಲೇ.

ಸೈಟ್ ಕಟ್ಟುವ ಕೆಲಸ ಅವಳಿಗೆ ಬೇಗ ಒಲಿಯಿತು. ಎಡಕ್ಕೆ ಸರಿ ಎಂದು ಬರೆದರೆ ಚಿತ್ರ ಎಡಕ್ಕೆ ಸರಿಯುತ್ತಿತ್ತು, ದಪ್ಪಗಾಗು ಎಂದರೆ ಅಕ್ಷರ ದಪ್ಪಗಾಗುತ್ತಿತ್ತು. ಹುಟ್ಟಿದಾಗಿನಿಂದ ಅವಳ ಮಾತಿಗೆ ಹೀಗೆ ಮರುಮಾತಿಲ್ಲದೆ ಯಾರೂ ಅಲುಗಾಡಿರಲಿಲ್ಲ. ಕೇಂದ್ರದ ಬ್ಲಾಗುಗಳನ್ನು ತಿದ್ದುವ ಒಳಮನೆಯೆಲ್ಲ ಕೆಲವೇ ತಿಂಗಳಲ್ಲಿ ಅವಳ ಕೈಗೆ ಬಂತು. ಹೇಳಿಕೊಡುವ ಸರ್‌ಗೇ ಅದು ಅಷ್ಟಾಗಿ ಬಾರದು. ಅದರೊಳಗೆ ಹೋಗುವ ಪಾಸ್‌ವರ್ಡುಗಳನ್ನೂ ಅವಳಿಗೇ ಒಪ್ಪಿಸಿ ಅವರು ಕೈತೊಳೆದುಕೊಂಡಿದ್ದರು.

ಹೇಸಿಗೆಯಾಗುತ್ತಿದ್ದುದು ಬರವಣಿಗೆಯ ಪಾಠ. ಇನ್ನೊಬ್ಬರ ಬ್ಲಾಗ್ ತೆರೆಯುವುದು, ಅಲ್ಲಿನ ಮಾತನ್ನು ಹಿಂದುಮುಂದು ಮಾಡುವುದು, ನಮ್ಮದೆಂದು ಹಾಕುವುದು. ಬೇರೆಯವರ ಎಂಜಲನ್ನು ತಟ್ಟೆ ಬದಲಾಯಿಸಿ ಬಡಿಸಿದ ಹಾಗೆ. ಬರೆದದ್ದಕ್ಕೆಲ್ಲ ಪರದೆಯ ಮೂಲೆಯಲ್ಲಿ ಒಂದು ದೀಪ. ಓದುವವರು ಪುಟದಲ್ಲಿ ನಿಲ್ಲುತ್ತಾರೆಂದು ಯಂತ್ರಕ್ಕೆ ಅನಿಸಿದರೆ ಹಸಿರು, ಓಡಿಹೋಗುತ್ತಾರೆಂದು ಅನಿಸಿದರೆ ಕೆಂಪು; ಹಸಿರಿದ್ದಷ್ಟೂ ಕೇಂದ್ರಕ್ಕೆ ಜಾಹೀರಾತಿನ ಕಾಸು. ಉದ್ದದ ಮಾತು, ಎಚ್ಚರಿಕೆಯ ಮಾತು, ವೈದ್ಯರನ್ನು ಕೇಳಿ ಎಂಬ ಮಾತು, ಇವೆಲ್ಲ ಬಂದರೆ ದೀಪ ಕೆಂಪಾಗಿಬಿಡುತ್ತಿತ್ತು. ಸರ್ ಮಾತೆತ್ತಿದರೆ ದೀಪ ಎನ್ನುತ್ತಿದ್ದರು. ಕರಿದದ್ದು ತಿಂದ ಬೆರಳಲ್ಲೇ ಪರದೆ ಮುಟ್ಟಿ ತೋರಿಸುತ್ತಿದ್ದರು. ಅವರು ಮುಂದೆ ಹೋದ ಮೇಲೂ ಬೆರಳಿನ ಜಿಡ್ಡು ಅಲ್ಲೇ ಹೊಳೆಯುತ್ತಿತ್ತು.

ಗುಬ್ಬಿಗೆ ಸಿಕ್ಕ ಬ್ಲಾಗಿನ ಹೆಸರು ‘ಮೂರು ಮಕ್ಕಳ ತಾಯಿ’. ಬಿಟ್ಟಿ ಸಿಗುವ ಚಿತ್ರಗಳಲ್ಲಿ ಒಬ್ಬ ಹೆಂಗಸನ್ನು ಹುಡುಕಿ ಪುಟದ ನೆತ್ತಿಗೆ ಅಂಟಿಸಿದ್ದರು. ಆ ಹೆಂಗಸು ಇನ್ನೊಂದು ಸೈಟಿನಲ್ಲಿ ಅದೇ ನಗು ನಗುತ್ತ ಮಂಡಿನೋವಿನ ಮುಲಾಮು ಮಾರುತ್ತಿದ್ದಳು.

“ಸರ್, ನನಗೆ ಮಕ್ಕಳಿಲ್ಲ,” ಎಂದಳು ಗುಬ್ಬಿ.

“ಹಾಗಾದ್ರೆ ಇನ್ನೂ ಒಳ್ಳೇದು, ಬರೆಯೋಕೆ ಪುರುಸೊತ್ತಿರುತ್ತೆ,” ಎಂದು ಸರ್ ನಕ್ಕರು.

ಆ ದಿನವೇ ಎದ್ದು ಬರಬೇಕಿತ್ತು. ಬರಲಿಲ್ಲ. ಕಿಟಕಿ ಪಕ್ಕದ ಕುರ್ಚಿ ಕಾಲು ಹಿಡಿದುಕೊಂಡಿತು. ‘ನನ್ನ ದೊಡ್ಡವನು ಹಲ್ಲು ಬರುವಾಗ’, ‘ನನ್ನ ಚಿಕ್ಕವಳು ರಚ್ಚೆ ಹಿಡಿದಾಗ’ ಎಂದು ಬರೆಯುತ್ತ ಹೋದಳು. ಬರೆಯುತ್ತ ಬರೆಯುತ್ತ ಆ ಇಲ್ಲದ ಮಕ್ಕಳ ಮೇಲೆ ಪ್ರೀತಿಯೂ ಹುಟ್ಟಿತು, ಅದು ಎಲ್ಲಕ್ಕಿಂತ ಅಸಹ್ಯ.

ಮಗುವಿನ ಕೆಮ್ಮಿಗೆ ಜೇನು ಎಂಬ ಪುಟ ಬರೆದಾಗ ಅವಳು ಮೊದಲ ಸಾಲಿನಲ್ಲೇ, ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು, ಜೀವಕ್ಕೇ ಅಪಾಯವಾಗಬಹುದು ಎಂದು ಹಾಕಿದ್ದಳು. ದೀಪ ಕೆಂಪಾಯಿತು. ಸರ್ ಬಂದು ಜಿಡ್ಡಿನ ಬೆರಳು ಇಟ್ಟರು.

“ಬಾಗಿಲಲ್ಲೇ ಹೆದರಿಸಿದ್ರೆ ಯಾರ್ರೀ ಒಳಗೆ ಬರ್ತಾರೆ? ತೆಗೀರಿ ಇದನ್ನ.”

“ಕೊನೇಲಾದ್ರೂ ಇರಲಿ ಸರ್.”

“ಕೊನೇಲಿದ್ರೂ ಕೆಂಪೇ. ಕೂಸಿರೋರಿಗೆ ಅಷ್ಟು ಗೊತ್ತಿರಲ್ವಾ?”

ತೆಗೆದಳು. ದೀಪ ಹಸಿರಾಯಿತು. ಇಡೀ ಕೋಣೆ ಚಪ್ಪಾಳೆ ತಟ್ಟಿತು, ಇವಳ ಮುಖವೂ ಅರಳಿತು. ಕೇಂದ್ರದಲ್ಲೇ ಅತಿ ಹೆಚ್ಚು ಜನ ಓದಿದ ಪುಟ ಅದಾಯಿತು. ಕೊನೆಗೊಂದು ದಿನ ಸರ್, “ನಾಳೆಯಿಂದ ಕಿಟಕಿ ಪಕ್ಕದ ಕುರ್ಚಿ ನಿಮ್ಮದು ಕಣ್ರೀ,” ಎಂದರು.

ಆ ಸಂಜೆ ಗುಬ್ಬಿ ಮನೆಗೆ ಬಂದಾಗ ಅಣ್ಣನ ಕೂಸು ಕೆಮ್ಮುತ್ತಿತ್ತು. ಇನ್ನೂ ಮಗುಚಿ ಬೀಳುವುದನ್ನು ಕಲಿಯುತ್ತಿದ್ದ ಕೂಸು. ಅತ್ತಿಗೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಮಚ ಹಿಡಿದಿದ್ದಳು. ಪಕ್ಕದಲ್ಲಿ ಜೇನಿನ ಸೀಸೆ.

“ಅತ್ತಿಗೆ, ಕೊಡಬೇಡಿ!” ಗುಬ್ಬಿ ಚಪ್ಪಲಿಯನ್ನೂ ಬಿಡದೆ ನುಗ್ಗಿ ಚಮಚ ಕಿತ್ತುಕೊಂಡಳು. ಜೇನು ಚಾಪೆಯ ಮೇಲೆ ಚೆಲ್ಲಿತು.

“ಏನೇ ಇದು, ಮೈಮೇಲೆ ಏನಾದ್ರೂ ಬಂತಾ?”

“ಇಷ್ಟು ಸಣ್ಣ ಕೂಸಿಗೆ ಜೇನು ವಿಷ ಇದ್ದ ಹಾಗೆ. ಕೊಡಬಾರದು.”

“ಯಾರು ಹೇಳಿದ್ದು ನಿನಗೆ? ನೋಡಿಲ್ಲಿ, ಇವರು ಕೊಡಿ ಅಂತ ಬರೆದಿದಾರೆ,” ಎಂದು ಅತ್ತಿಗೆ ಫೋನು ತಿರುಗಿಸಿದಳು. ಮುಲಾಮಿನ ಹೆಂಗಸು ನಗುತ್ತಿದ್ದಳು.

ಗುಬ್ಬಿ ಆ ಮುಖದ ಮೇಲೆ ಬೆರಳಿಟ್ಟಳು. “ಅದು ಬರೆದಿದ್ದು ನಾನು ಅತ್ತಿಗೆ. ಆ ಹೆಂಗಸು ಸುಳ್ಳು, ಮಕ್ಕಳು ಸುಳ್ಳು, ಎಲ್ಲಾ ನಾನೇ.”

ಅತ್ತಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. “ಹೋಗ್ಲಿ ಬಿಡೇ ಗುಬ್ಬಿ. ಅವರು ಮೂರು ಹೆತ್ತು ಸಾಕಿದವರು. ಫೋಟೋನೇ ಇದೆ. ನೀನು ಒಂದನ್ನಾದ್ರೂ ಹೆತ್ತು ಸಾಕಿದೀಯಾ? ನಿನಗೇನು ಗೊತ್ತು?”

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗುಬ್ಬಿಗೆ ಗೊತ್ತಿತ್ತು. ಆದರೆ ಅದೇ ಗಿಡ ಬೀದಿಗೆ ಹೋಗಿ ವೇಷ ಹಾಕಿ ಬಂದರೆ ಮದ್ದಾಗುತ್ತದೆ ಎಂದು ಈಗ ತಿಳಿಯಿತು. ವಾದ ಮಾಡಲಿಲ್ಲ. ಜೇನಿನ ಸೀಸೆಯನ್ನೇ ಎತ್ತಿಕೊಂಡು ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿದಳು. ಅಂಟುವ ಬೆರಳಲ್ಲೇ ಫೋನಿನಲ್ಲಿ ಬ್ಲಾಗಿನ ಒಳಬಾಗಿಲು ತೆರೆದಳು. ತೆಗೆದಿದ್ದ ಸಾಲನ್ನು ಮತ್ತೆ ನೆತ್ತಿಯಲ್ಲಿ, ದಪ್ಪ ಅಕ್ಷರದಲ್ಲಿ, ಕೆಂಪು ಚೌಕಟ್ಟು ಕಟ್ಟಿ ಕೂರಿಸಿದಳು. ಮೂಲೆಯ ದೀಪ ಕೆಂಪಾಯಿತು. ಹಾಳಾಗಿ ಹೋಗು ಎಂದು ಅದನ್ನು ಶಪಿಸಿದಳು. ಬೇರೆ ಯಾರೂ ಒಳಗೆ ಬಂದು ಮುಟ್ಟದ ಹಾಗೆ ಪಾಸ್‌ವರ್ಡನ್ನೂ ಬದಲಾಯಿಸಿದಳು.

ಹೊರಗೆ ಬಂದು, “ಅತ್ತಿಗೆ, ಅದನ್ನ ಇನ್ನೊಂದು ಸಲ ತೆಗೆದು ಓದಿ,” ಎಂದಳು.

ಅತ್ತಿಗೆ ಗೊಣಗುತ್ತಲೇ ತೆಗೆದಳು. ಓದುತ್ತ ಓದುತ್ತ ಅವಳ ಮುಖ ಬಿಳಿಚಿತು. ಕೂಸನ್ನು ಎದೆಗೆ ಅವುಚಿಕೊಂಡಳು. “ಅಯ್ಯೋ ನನ್ನ ಕರ್ಮವೇ! ವರ್ಷ ಆಗೋವರೆಗೂ ಕೊಡಲೇಬಾರದಂತೆ ಕಣೇ. ನಾನು ನೋಡೇ ಇರಲಿಲ್ಲ. ನೋಡು, ಹೆತ್ತವರು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಾರೆ! ಬೆಳಿಗ್ಗೆ ಎದ್ದು ಡಾಕ್ಟರ ಹತ್ರಾನೇ ಹೋಗೋಣ.”

ಅಷ್ಟರಲ್ಲಿ ಗುಬ್ಬಿಯ ಫೋನು ಕೂಗಿತು. ಸರ್.

“ಏನ್ರೀ, ಜೇನಿನ ಪುಟ ಕೆಂಪಾಗಿದೆ? ಕೈತಪ್ಪಿ ಏನಾದ್ರೂ ಒತ್ತಿದ್ರಾ?”

“ಕೈತಪ್ಪಿ ಅಲ್ಲ ಸರ್, ಬೇಕು ಅಂತಲೇ ಹಾಕಿದೀನಿ.”

“ಈಗಲೇ ತೆಗೀರಿ. ಅದೊಂದು ಪುಟದ ಮೇಲೆ ನಿಂತಿದೆ ನಮ್ಮ ಅಂಗಡಿ.”

“ತೆಗೆಯಲ್ಲ ಸರ್. ನಿಮಗೂ ತೆಗೆಯೋಕಾಗಲ್ಲ.”

“ಹಾಗಾದ್ರೆ ನಾಳೆಯಿಂದ ಬರೋದು ಬೇಡ. ಆ ಕುರ್ಚಿಗೆ ಜನ ಸಾಲುಗಟ್ಟಿ ನಿಂತಿದಾರೆ,” ಎಂದು ಸರ್ ಇಟ್ಟುಬಿಟ್ಟರು.

ಗುಬ್ಬಿ ಫೋನಿಗೆ ಮೆತ್ತಿದ್ದ ಜೇನನ್ನು ಸೆರಗಿನಿಂದ ಒರೆಸತೊಡಗಿದಳು. ಎಷ್ಟು ಒರೆಸಿದರೂ ಅಂಟು ಹೋಗಲಿಲ್ಲ. ಕೂಸು ಕೆಮ್ಮಿ ಕೆಮ್ಮಿ ಸುಸ್ತಾಗಿ ಕಣ್ಣು ಮುಚ್ಚುತ್ತಿತ್ತು.

“ಯಾರೇ ಅದು, ಅಷ್ಟು ಜೋರಾಗಿ ಮಾತಾಡಿದ್ದು?” ಎಂದಳು ಅತ್ತಿಗೆ.

“ನಿಮ್ಮ ಮೂರು ಮಕ್ಕಳ ತಾಯಿ ಇದ್ದಾರಲ್ಲ ಅತ್ತಿಗೆ, ಅವರ ಕೆಲಸ ಹೋಯ್ತಂತೆ.”

“ಅಯ್ಯೋ ಪಾಪ,” ಎಂದು ಅತ್ತಿಗೆ ಲೊಚಗುಟ್ಟಿದಳು. “ಮಕ್ಕಳೊಂದಿಗಳು. ಇನ್ನು ಎಲ್ಲಿಗೆ ಹೋಗ್ತಾರೋ ಏನೋ.”